ಹಬ್ಬದ ಖರೀದಿಗೆ ನಾಲ್ಕು ದಾರಿ: ನಡೆದು ನೋಡಿದ ಟೀಚರಮ್ಮನ ವರದಿ

ಒಂದೇ ಲೆಕ್ಕವನ್ನು ನಾಲ್ಕು ವಿಧಾನದಲ್ಲಿ ಬಿಡಿಸಿ, ಯಾವುದು ಸುಲಭವೆಂದು ಮಕ್ಕಳ ಬಾಯಲ್ಲೇ ಹೇಳಿಸುವುದು ತರಗತಿಯಲ್ಲಿ ನನ್ನ ಹಳೆಯ ಚಾಳಿ. ಅದು ಮನೆಗೂ ಅಂಟಿಕೊಂಡು, ಕಳೆದ ನಾಲ್ಕು ವರ್ಷಗಳಲ್ಲಿ ಹಬ್ಬದ ಖರೀದಿಯನ್ನು ನಾಲ್ಕು ಬಗೆಯಲ್ಲಿ ಮಾಡಿ ನೋಡಿದೆ. ಲೆಕ್ಕದಲ್ಲಿರುವವರು ಆರು ಮಂದಿ: ಅತ್ತೆ, ಮಾವ, ನಮ್ಮ ಯಜಮಾನರು, ಹದಿನೈದರ ಮಗಳು, ಹತ್ತರ ಮಗ ಮತ್ತು ಯಾರಿಗೆ ಏನು ಬೇಕೆಂದು ತನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದ ನಾನು. ಅಳೆದದ್ದು ಮೂರನ್ನು: ಎಷ್ಟು ಹೊತ್ತು ಹಿಡಿಯಿತು, ಎಷ್ಟು ಜಗಳವಾಯಿತು, ತಂದದ್ದರಲ್ಲಿ ಎಷ್ಟು ಕಪಾಟಿನ ಮೂಲೆ ಸೇರಿತು. ಹಣವನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ನಾಲ್ಕೂ ಸಲ ಅಂದುಕೊಂಡದ್ದನ್ನು ಮೀರಿದ್ದರಿಂದ ಹೋಲಿಸಲು ಅಲ್ಲಿ ಏನೂ ಉಳಿದಿಲ್ಲ.

ಮೊದಲ ವರ್ಷ ಆರೂ ಜನ ಒಟ್ಟಿಗೇ ಅಂಗಡಿಗೆ ಹೋದೆವು. ನಲವತ್ತು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ನಲವತ್ತನ್ನೂ ವಾಪಸು ತಂದವಳು ನಾನು, ಐವರು ಯಾವ ಲೆಕ್ಕ ಎಂಬ ಧೈರ್ಯ. ಮಾವ ಬಾಗಿಲ ಬಳಿ ಇದ್ದ ಒಂದೇ ಒಂದು ಕುರ್ಚಿಯನ್ನು ಹುಡುಕಿ ಕುಳಿತುಬಿಟ್ಟರು. ‘ಅಪ್ಪ ಒಬ್ಬರೇ ಆಗುತ್ತಾರೆ’ ಎಂದು ಇವರು ಪಕ್ಕದಲ್ಲಿ ನಿಂತರು. ಅತ್ತೆ ಪ್ರತಿ ಬಟ್ಟೆಯನ್ನೂ ಒಳಹೊರಗು ಮಾಡಿ ಹೊಲಿಗೆ ಎಳೆದೆಳೆದು ಪರೀಕ್ಷಿಸುತ್ತಿದ್ದರು; ನಾನು ಉತ್ತರಪತ್ರಿಕೆ ತಿದ್ದುವಾಗಲೂ ಅಷ್ಟು ಕಟುವಾಗಿರುವುದಿಲ್ಲ. ಮಗಳು ಬಟ್ಟೆ ತೊಟ್ಟು ನೋಡುವ ಕೋಣೆಯೊಳಗೆ ಹೋದವಳು ಹೊರಬರುವ ಲಕ್ಷಣವೇ ಕಾಣಲಿಲ್ಲ. ಎಲ್ಲರೂ ಒಂದೊಂದು ಕಡೆ ನೆಲೆ ನಿಂತರಲ್ಲ ಎಂದು ನಾನು ಕೆಂಪು ಪೆನ್ನುಗಳ ಸಾಲಿನತ್ತ ನಡೆದೆ, ಐದು ನಿಮಿಷಕ್ಕೆಂದು. ಸ್ವಲ್ಪ ಹೊತ್ತಿನ ಮೇಲೆ ಧ್ವನಿವರ್ಧಕದಲ್ಲಿ ಮಗನ ಹೆಸರು ಕೇಳಿ ಎದೆ ಝಲ್ಲೆಂದಿತು. ಪ್ರಕಟಣೆಯನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ಗೊತ್ತಾಯಿತು, ಕಳೆದುಹೋಗಿದ್ದವಳು ನಾನು. ‘ಇವರ ತಾಯಿ ಎಲ್ಲಿದ್ದರೂ ಕೌಂಟರಿಗೆ ಬರಬೇಕು.’ ಮಗ ಅಲ್ಲಿ ಕೈಕಟ್ಟಿ ನಿಂತಿದ್ದ ಭಂಗಿ ಥೇಟ್ ನನ್ನದೇ.

ಹಿಡಿದ ಹೊತ್ತು ಐದು ಗಂಟೆ. ಜಗಳ ಮೂರು, ದಾರಿಯಲ್ಲಿ ಆದದ್ದನ್ನೂ ಸೇರಿಸಿದರೆ ನಾಲ್ಕು. ಆದರೆ ಒಂದು ಮಾತು ಒಪ್ಪಲೇಬೇಕು: ಆ ವರ್ಷ ತಂದ ಒಂದು ವಸ್ತುವೂ ಮೂಲೆ ಸೇರಲಿಲ್ಲ. ಅವರವರೇ ಮುಟ್ಟಿ, ತೊಟ್ಟು, ಹಟ ಹಿಡಿದು ತಂದದ್ದು.

ಮರುವರ್ಷ ಪಟ್ಟಿ ಹಿಡಿದು ಒಬ್ಬಳೇ ಹೋದೆ. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು, ದಾರಿಯಲ್ಲಿ ಒಂದು ಜಗಳವೂ ಇಲ್ಲ. ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಮಗನ ಅಂಗಿ ಅವನ ಹಿಂದಿನ ವರ್ಷದ ಮೈಗೆ ಸರಿಯಾಗಿತ್ತು. ಮಗಳು ಕುರ್ತಾವನ್ನು ಬಿಚ್ಚಿ ನೋಡಿ ‘ಚೆನ್ನಾಗಿದೆ ಅಮ್ಮಾ’ ಎಂದಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ‘ಅರ್ಥವಾಯಿತು ಮಿಸ್’ ಎಂದು ಹಿಂದಿನ ಬೆಂಚಿನವರು ಹೇಳುವುದು ಇದೇ ದನಿಯಲ್ಲಿ.

ಈ ನಷ್ಟವನ್ನೂ ಒಬ್ಬರು ಲೆಕ್ಕ ಹಾಕಿಟ್ಟಿದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ ತಮ್ಮ ವಿದ್ಯಾರ್ಥಿಗಳಿಗೆ ಹಬ್ಬಕ್ಕೆ ಬಂದ ಉಡುಗೊರೆಗಳ ಬೆಲೆ ಕಟ್ಟಿಸಿ, 1993ರಲ್ಲಿ ಪ್ರಕಟಿಸಿದ ಅಂದಾಜು ಇದು: ಕೊಟ್ಟವರು ಸುರಿದ ಹಣದಲ್ಲಿ ಹತ್ತನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಪಡೆದವರ ಪಾಲಿಗೆ ವ್ಯರ್ಥ. ಗೆಳೆಯರು ಕೊಟ್ಟದ್ದರಲ್ಲಿ ನಷ್ಟ ಕಡಿಮೆ, ದೂರದ ಹಿರಿಯರು ಕೊಟ್ಟದ್ದರಲ್ಲಿ ಹೆಚ್ಚು. ಅಜ್ಜ ಅಜ್ಜಿಯರು ಮಾತ್ರ ವಸ್ತುವಿನ ಗೊಡವೆಗೆ ಹೋಗದೆ ನಗದು ಕೊಡುವುದೇ ಜಾಸ್ತಿಯಂತೆ. ನಮ್ಮ ಅತ್ತೆಯೂ ಮೊದಲಿನಿಂದ ಮಕ್ಕಳ ಕೈಗೆ ಲಕೋಟೆಯನ್ನೇ ಇಡುತ್ತಾರೆ. ‘ಇದರಲ್ಲಿ ಓದಿ ತಿಳಿಯುವುದು ಏನಿದೆಯೇ?’ ಎಂದು ನನ್ನನ್ನೇ ಕೇಳಿದರು.

ಮೂರನೆಯ ವರ್ಷ ಮೊಬೈಲ್. ಈ ದಾರಿಯ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಹೊತ್ತು ಉಳಿಯುತ್ತದೆ ಎನ್ನುತ್ತಾರೆ. ಊಟವಾದ ಮೇಲೆ ಹತ್ತು ನಿಮಿಷವೆಂದು ಕುಳಿತವಳು ದಿನವೂ ನಡುರಾತ್ರಿವರೆಗೆ ಅಪರಿಚಿತರ ಅಭಿಪ್ರಾಯ ಓದುತ್ತಿದ್ದೆ. ಒಕ್ಲಹೋಮಾ ನಗರದಲ್ಲಿ ದಿನಸಿ ಅಂಗಡಿಗಳನ್ನಿಟ್ಟಿದ್ದ ಸಿಲ್ವನ್ ಗೋಲ್ಡ್‌ಮನ್, ಕೈಬುಟ್ಟಿ ಭಾರವಾದೊಡನೆ ಗಿರಾಕಿಗಳು ಕೊಳ್ಳುವುದನ್ನು ನಿಲ್ಲಿಸುತ್ತಾರೆಂದು ಕಂಡುಕೊಂಡು, ಮಡಚುವ ಕುರ್ಚಿಯ ಮಾದರಿಯಲ್ಲಿ ಚಕ್ರದ ತಳ್ಳುಗಾಡಿ ಮಾಡಿಸಿದ್ದು 1937ರಲ್ಲಿ. ಆ ಗಾಡಿಯನ್ನಾದರೂ ತಳ್ಳಬೇಕಿತ್ತು, ತಿರುವಿನಲ್ಲಿ ಅದು ಮೊಂಡಾಟ ಹೂಡುತ್ತಿತ್ತು. ಮೊಬೈಲಿನ ಗಾಡಿಯ ಭಾರ ತಿಳಿಯುವುದು ದುಡ್ಡು ಕಟ್ಟುವ ಪುಟದಲ್ಲಿ ಮಾತ್ರ. ಸಾಲದ್ದಕ್ಕೆ ಮನೆಮಂದಿಗೆಲ್ಲ ಒಂದೇ ಖಾತೆ. ಮಗಳಿಗೆಂದು ಗುಟ್ಟಾಗಿ ತರಿಸಿದ ಗಡಿಯಾರ ಹೊರಟಿದೆ ಎಂಬ ಸಂದೇಶ ಮೊದಲು ಮುಟ್ಟಿದ್ದು ಮಗಳಿಗೇ. ಮಾವನ ಚಪ್ಪಲಿ ಹಬ್ಬ ಕಳೆದು ಮೂರನೆಯ ದಿನ ಬಂತು, ಎರಡೂ ಎಡಗಾಲಿನವು. ಜಗಳವೇನೂ ಆಗಲಿಲ್ಲ. ಜಗಳವಾಡಲು ಎದುರಿಗೆ ಯಾರಾದರೂ ಬೇಕಲ್ಲ.

ನಾಲ್ಕನೆಯದು ಚೀಟಿ ಎತ್ತುವುದು. ಆರು ಹೆಸರು ಬರೆದು ಡಬ್ಬಿಗೆ ಹಾಕಿ, ಯಾರ ಹೆಸರು ಬಂತೋ ಅವರಿಗೊಬ್ಬರಿಗೆ ಮಾತ್ರ ಉಡುಗೊರೆ ತರಬೇಕು. ಮೂವತ್ತು ಉಡುಗೊರೆಗಳ ತಾಪತ್ರಯ ಆರಕ್ಕೆ ಇಳಿಯಿತು. ಎಲ್ಲರೂ ಗುಟ್ಟು ಕಾಪಾಡಿದರು. ಮಗನಂತೂ ಬಾಯಿಗೆ ಬೀಗ ಜಡಿದುಕೊಂಡಿದ್ದ. ಅವನನ್ನು ಅಂಗಡಿಗೆ ಕರೆದೊಯ್ದವರು ಇವರು. ಕಾಲ್ಚೆಂಡು ಕೊಂಡಾಗ ಅಕ್ಕನಿಗಿರಬೇಕು ಎಂದುಕೊಂಡರಂತೆ. ಅವಳು ಮೈದಾನ ಕಂಡು ಎಷ್ಟು ವರ್ಷವಾಯಿತೆಂದು ತಂದೆಗೆ ಗೊತ್ತಿಲ್ಲ. ಹಬ್ಬದ ದಿನ ಐದು ಪೊಟ್ಟಣ ಕೈಬದಲಾದವು. ಆರನೆಯದನ್ನು ಮಗ ತಾನೇ ತಂದು, ತಾನೇ ಬಿಚ್ಚಿ, ‘ಅಯ್ಯೋ, ನನಗೆ ಇದೇ ಬೇಕಿತ್ತು!’ ಎಂದ. ಅವನಿಗೆ ಬಂದದ್ದು ಅವನದೇ ಹೆಸರು.

ಬೈಯಲು ಬಾಯಿ ತೆರೆದೆ, ಆದರೆ ಗಣಿತದ ಟೀಚರಿಗೆ ನಾಚಿಕೆಯಾಗಬೇಕಾದ ಜಾಗ ಅದು. ಆರು ಚೀಟಿಗಳು 720 ರೀತಿಯಲ್ಲಿ ಹಂಚಿಹೋಗಬಹುದು. ಅವುಗಳಲ್ಲಿ ಯಾರಿಗೂ ತಮ್ಮ ಹೆಸರು ತಮಗೇ ಬಾರದ ರೀತಿಗಳು 265 ಮಾತ್ರ. ಎಂದರೆ ನೂರಕ್ಕೆ 63 ಸಲ ಒಬ್ಬರಿಗಾದರೂ ತಮ್ಮ ಹೆಸರೇ ಬರುತ್ತದೆ. ಮನೆಯಲ್ಲಿ ನಲವತ್ತು ಜನರಿದ್ದರೂ ಈ ಸಂಖ್ಯೆ ಹೆಚ್ಚುಕಡಿಮೆ ಇಷ್ಟೇ! ಫ್ರಾನ್ಸಿನ ಮೋಂಮೋರ್ ಎಂಬ ಗಣಿತಜ್ಞ ಇಸ್ಪೀಟಿನ ಆಟವೊಂದನ್ನು ಮುಂದಿಟ್ಟುಕೊಂಡು ಈ ಪ್ರಶ್ನೆ ಎತ್ತಿದ್ದು 1708ರಲ್ಲಿ. ನನಗೆ ಹೊಳೆದದ್ದು ಕಾಲ್ಚೆಂಡು ಕಿಟಕಿಗೆ ಬಡಿದ ಮೇಲೆ. ಪರಿಹಾರ ಸುಲಭ: ತಮ್ಮ ಹೆಸರು ಬಂದವರು ಒಡನೆ ಹೇಳಬೇಕು, ಎಲ್ಲ ಚೀಟಿಗಳನ್ನೂ ಮತ್ತೆ ಡಬ್ಬಿಗೆ ಹಾಕಬೇಕು. ಸರಾಸರಿ ಮೂರು ಸಲದೊಳಗೆ ಸರಿಯಾದ ಹಂಚಿಕೆ ಸಿಗುತ್ತದೆ.

ನನ್ನ ಓಟು ಚೀಟಿಗೇ, ಆದರೆ ತೇಪೆ ಹಾಕಿದ ಚೀಟಿಗೆ. ತಮಗೆ ಬೇಕಾದ ಒಂದು ವಸ್ತುವನ್ನು ಹೆಸರಿನ ಕೆಳಗೆ ಬರೆಯಬೇಕು. ಅಚ್ಚರಿ ಹೋದರೆ ಹೋಗಲಿ, ಎಡಗಾಲಿನ ಚಪ್ಪಲಿ ತಪ್ಪುತ್ತದೆ. ಮಕ್ಕಳ ಬಟ್ಟೆಗೆ ಮಾತ್ರ ಮೊದಲ ವರ್ಷದ ದಾರಿಯೇ ಸರಿ, ಮೈಯನ್ನು ಅಂಗಡಿಗೇ ಒಯ್ಯಬೇಕು.

ಈ ವರ್ಷದ ಚೀಟಿಗಳನ್ನು ಮೊನ್ನೆ ಎತ್ತಿದೆವು. ಎರಡು ಸಲ ಮಗನೇ ‘ನನ್ನದೇ ಬಂತು’ ಎಂದು ಭಾರವಾದ ಮನಸ್ಸಿನಿಂದ ಚೀಟಿ ಒಪ್ಪಿಸಿದ. ಮೂರನೆಯ ಸಲಕ್ಕೆ ಹಂಚಿಕೆ ಕೂಡಿಬಂತು. ನನಗೆ ಬಂದದ್ದು ಮಾವನ ಹೆಸರು. ಅದರ ಕೆಳಗೆ ಒಂದೇ ಸಾಲು: ‘ಮಡಚುವ ಕುರ್ಚಿ. ಅಂಗಡಿಗೆ ಒಯ್ಯುವಷ್ಟು ಹಗುರವಾಗಿರಲಿ.’