ಸರೀಸೃಪದ ಗೂಡಿಗೆ ಕೈಯಾರೆ ಮಾಡಿದ ಹಿನ್ನೆಲೆ: ಫೋಮ್ ಸ್ಪ್ರೇ ಒಳ್ಳೆಯದೋ, ಥರ್ಮೋಕೋಲ್ ಮತ್ತು ಗ್ರೌಟ್ ಒಳ್ಳೆಯದೋ?

ಸಾಕು ಸರೀಸೃಪಗಳ ಗಾಜಿನ ಗೂಡಿಗೆ ಬಂಡೆಯಂತೆಯೋ ಮರದ ತೊಗಟೆಯಂತೆಯೋ ಕಾಣುವ ಹಿನ್ನೆಲೆಯನ್ನು ಮನೆಯಲ್ಲೇ ಮಾಡಿಕೊಳ್ಳಬಯಸುವವರು ಸಾಮಾನ್ಯವಾಗಿ ಎರಡು ಸಾಮಗ್ರಿಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ಒಂದು, ಬಾಗಿಲು ಕಿಟಕಿಗಳ ಸಂದು ತುಂಬಲು ಬಳಸುವ ಪಾಲಿಯುರಿಥೇನ್ ಫೋಮ್ ಸ್ಪ್ರೇ. ಇನ್ನೊಂದು, ಕೆತ್ತಿದ ಥರ್ಮೋಕೋಲ್ ಹಾಳೆಯ ಮೇಲೆ ಬಳಿಯುವ, ಟೈಲ್ಸ್‌ಗಳ ಸಂದು ತುಂಬುವ ಸಿಮೆಂಟಿನ ಗ್ರೌಟ್. ಎರಡನ್ನೂ ಬಳಸಿದ ಮೇಲೆ ನನಗನ್ನಿಸಿದ್ದು ಇಷ್ಟು: ತೇವದ ಗೂಡಿಗೆ ಫೋಮ್ ಹೊಂದುತ್ತದೆ, ಒಣ ಗೂಡಿಗೆ ಗ್ರೌಟ್ ಹೊಂದುತ್ತದೆ, ಅದಲುಬದಲು ಮಾಡಿದರೆ ಎರಡೂ ಕೈಕೊಡುತ್ತವೆ.

ಫೋಮಿನ ದೊಡ್ಡ ಗುಣವೆಂದರೆ ಅದು ಹಿಡಿದಿಟ್ಟುಕೊಳ್ಳುವ ರೀತಿ. ಗಿಡದ ಕುಂಡ, ಕಾರ್ಕ್ ತೊಗಟೆಯ ತುಂಡು, ಒಣ ಕೊಂಬೆ ಯಾವುದನ್ನಾದರೂ ಹಸಿ ಫೋಮಿನಲ್ಲಿ ಒತ್ತಿಟ್ಟರೆ ಅದು ಸುತ್ತಲೂ ಉಬ್ಬಿ ಗಟ್ಟಿಯಾಗಿ ಅಪ್ಪಿಕೊಳ್ಳುತ್ತದೆ. ಥರ್ಮೋಕೋಲಿನಲ್ಲಿ ಇದೇ ಕೆಲಸಕ್ಕೆ ಕೊರೆದು, ಅಂಟಿಸಿ, ಸಂದು ಮುಚ್ಚಬೇಕು. ಆದರೆ ಈ ಫೋಮ್ ಗಟ್ಟಿಯಾಗುವುದು ಗಾಳಿಯಲ್ಲಿನ ತೇವದಿಂದ. ಹಾಗಾಗಿ ಒಂದೇ ಸಲಕ್ಕೆ ದಪ್ಪ ಮುದ್ದೆ ಹಾಕಿದರೆ ಹೊರಗೆ ಪೊರೆ ಕಟ್ಟಿ ಒಳಗೆ ಅಂಟಂಟಾಗಿಯೇ ಉಳಿದುಬಿಡುತ್ತದೆ. ತೆಳು ಪದರಗಳಲ್ಲಿ ಹಾಕುತ್ತ, ನಡುವೆ ಸ್ವಲ್ಪ ನೀರು ಚಿಮುಕಿಸುವುದೇ ಸರಿಯಾದ ಕ್ರಮ. ಹಸಿ ಫೋಮಿನಲ್ಲಿ ಚರ್ಮಕ್ಕೂ ಶ್ವಾಸಕೋಶಕ್ಕೂ ಒಗ್ಗದ ಐಸೋಸಯನೇಟ್ ಇರುತ್ತದೆ, ಡಬ್ಬಿಯೊಳಗಿನ ಅನಿಲಕ್ಕೆ ಬೇಗ ಬೆಂಕಿ ಹತ್ತುತ್ತದೆ. ಆದ್ದರಿಂದ ಕೈಗವಸು, ತೆರೆದ ಕಿಟಕಿ, ಹತ್ತಿರದಲ್ಲಿ ಉರಿಯಿಲ್ಲದ ಜಾಗ ಇವು ಮೂರೂ ಬೇಕೇ ಬೇಕು. ಕೆಲಸ ಮುಗಿಯುವ ತನಕ ಪ್ರಾಣಿ ಬೇರೆ ಕೋಣೆಯಲ್ಲಿರಲಿ.

ಒಣಗಿದ ಫೋಮಿನ ಮೇಲ್ಮೈ ನುಣುಪಾಗಿ, ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತದೆ. ಈ ಪೊರೆಯನ್ನು ಚೂಪಾದ ಚಾಕುವಿನಿಂದ ಹೆರೆದು ತೆಗೆದಾಗ ಒಳಗಿನ ಸಣ್ಣ ಸಣ್ಣ ಗುಳ್ಳೆಗಳು ಬಾಯ್ದೆರೆದು ಕಾಣಿಸುತ್ತವೆ, ಮೇಲೆ ಬಳಿಯುವ ಸಿಲಿಕೋನ್ ಕಚ್ಚಿ ಹಿಡಿಯುವುದು ಈ ಗುಳ್ಳೆಗಳನ್ನೇ. ಕಂದು ಅಥವಾ ಕಪ್ಪು ಸಿಲಿಕೋನನ್ನು ಅಂಗೈ ಅಗಲದಷ್ಟೇ ಬಳಿದು, ಅದು ಪೊರೆ ಕಟ್ಟುವ ಮೊದಲೇ ಪೂರ್ತಿ ಒಣಗಿಸಿದ ಕೋಕೋಪೀಟನ್ನು ಒತ್ತಬೇಕು. ಕೋಕೋಪೀಟ್ ತುಸು ಹಸಿಯಿದ್ದರೂ ಅಂಟದೆ ಉದುರುತ್ತದೆ. ಬೂಷ್ಟು ತಡೆಯುವ ರಾಸಾಯನಿಕ ಬೆರೆಸಿದ, ಬಚ್ಚಲುಮನೆಗೆಂದು ಮಾರುವ ಸಿಲಿಕೋನನ್ನು ಇಲ್ಲಿ ಬಳಸಬಾರದು; ಮೀನಿನ ತೊಟ್ಟಿಗೆ ಯೋಗ್ಯವೆಂದು ನಮೂದಿಸಿದ್ದನ್ನೇ ಆರಿಸಿಕೊಳ್ಳಬೇಕು. ಮುಚ್ಚದೆ ಉಳಿದ ಫೋಮ್ ನೇರಳಾತೀತ ದೀಪದ ಕೆಳಗೆ ಹಳದಿಯಾಗಿ ಕ್ರಮೇಣ ಪುಡಿಯಾಗುತ್ತದೆ, ಮೇವಿಗೆಂದು ಬಿಟ್ಟ ಜೀರುಂಡೆಗಳು ಅದನ್ನು ಕಡಿದು ಬಿಲ ಮಾಡುವುದೂ ಉಂಟು. ಇಷ್ಟೆಲ್ಲ ನೋಡಿಕೊಂಡರೆ ಕ್ರೆಸ್ಟೆಡ್ ಗೆಕ್ಕೋ ಎಂಬ ಹಲ್ಲಿಯಂತಹ, ಗೋಡೆಯ ಮೇಲೇ ಬದುಕುವ ಮತ್ತು ದಿನವೂ ನೀರು ಸಿಂಪಡಿಸಬೇಕಾದ ಪ್ರಾಣಿಯ ಗೂಡಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಸಿಕ್ಕಿಲ್ಲ.

ಇನ್ನು ಥರ್ಮೋಕೋಲಿನ ವಿಚಾರ. ಪೆಟ್ಟಿಗೆಗಳಲ್ಲಿ ಬರುವ ಬಿಳಿ ಹಾಳೆ ಕೆತ್ತುವಾಗ ಕಾಳುಕಾಳಾಗಿ ಉದುರಿ ಬಟ್ಟೆಗೂ ಕೂದಲಿಗೂ ಅಂಟಿಕೊಳ್ಳುತ್ತದೆ, ಆ ಕಾಳು ಪ್ರಾಣಿಯ ಹೊಟ್ಟೆಗೆ ಹೋಗುವ ಅಪಾಯವೂ ಇದೆ. ಶಾಖ ತಡೆಯಲೆಂದು ಕಟ್ಟಡಗಳಲ್ಲಿ ಬಳಸುವ ಒತ್ತಾದ ಎಕ್ಸ್‌ಪಿಎಸ್ ಹಾಳೆ ಇದಕ್ಕಿಂತ ಎಷ್ಟೋ ಮೇಲು. ಚಾಕು ಎಳೆದಲ್ಲಿ ನೇರವಾಗಿ ಕೊಯ್ಯುತ್ತದೆ, ಬಂಡೆಯ ಬಿರುಕನ್ನು ಮೂಡಿಸುವುದೂ ಸುಲಭ. ದ್ರಾವಕ ಬೆರೆತ ಅಂಟು, ಸ್ಪ್ರೇ ಬಣ್ಣಗಳು ಎರಡೂ ಬಗೆಯ ಹಾಳೆಯನ್ನು ಕರಗಿಸುವುದರಿಂದ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣವೇ ಗತಿ.

ಗ್ರೌಟಿನ ಮೊದಲ ಲೇಪ ಗೋಡೆಗೆ ಬಳಿಯುವ ಸುಣ್ಣದ ನೀರಿನಷ್ಟು ತೆಳ್ಳಗಿರಬೇಕು, ಆಗಲೇ ಅದು ಕೆತ್ತನೆಯ ಮೂಲೆಮೂಲೆಗೂ ಇಳಿಯುತ್ತದೆ. ಮುಂದಿನ ಎರಡು ಮೂರು ಲೇಪಗಳು ಒಂದಕ್ಕಿಂತ ಒಂದು ದಪ್ಪವಾಗಿರಲಿ. ಇದು ಸಿಮೆಂಟಿನ ವಸ್ತುವಾದ್ದರಿಂದ ಬಿಸಿಲಿಗಿಟ್ಟು ಬೇಗ ಒಣಗಿಸಿದರೆ ಉಗುರು ತಾಗಿದರೂ ಪುಡಿ ಉದುರುತ್ತದೆ, ಒದ್ದೆ ಬಟ್ಟೆ ಮುಚ್ಚಿ ನಿಧಾನವಾಗಿ ಕ್ಯೂರ್ ಮಾಡಿದರೆ ಕಲ್ಲಿನಂತಾಗುತ್ತದೆ. ಕಡು ಬಣ್ಣವನ್ನು ಮೊದಲು ಪೂರ್ತಿ ಬಳಿದು, ಬಹುತೇಕ ಒಣಗಿದ ಬ್ರಷ್ಷಿನಿಂದ ತಿಳಿ ಬಣ್ಣವನ್ನು ಉಬ್ಬುಗಳ ಮೇಲಷ್ಟೇ ಸವರಿದಾಗ ಹಾಳೆಯ ಗುರುತೇ ಅಳಿಸಿಹೋಗುತ್ತದೆ. ಕೊನೆಗೆ ಹೊಳಪಿಲ್ಲದ, ನೀರಿನಾಧಾರಿತ ವಾರ್ನಿಷ್ ಬೇಕು. ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿ ಉಗುರೂರಿ ಹತ್ತುವ ಪ್ರಾಣಿ, ಲೆಪರ್ಡ್ ಗೆಕ್ಕೋ ಎಂಬ ಹಲ್ಲಿಗೆ ಅಂಟುವ ಪಾದವೇ ಇಲ್ಲ; ಇವೆರಡಕ್ಕೂ ಗ್ರೌಟಿನ ಒರಟು ಮೇಲ್ಮೈ ಹೇಳಿ ಮಾಡಿಸಿದಂತಿದೆ. ತೇವದ ಗೂಡಿನಲ್ಲಿ ಮಾತ್ರ ವಾರ್ನಿಷ್ ಬಿರುಕು ಬಿಟ್ಟಲ್ಲೆಲ್ಲ ನೀರಿಳಿದು ಪದರ ಏಳುತ್ತದೆ.

ಅಂದದ ಭರದಲ್ಲಿ ಮರೆತುಹೋಗುವ ವಿಷಯವೆಂದರೆ ಅಳತೆ. 45 ಸೆಂಟಿಮೀಟರ್ ಆಳದ ಗೂಡಿನಲ್ಲಿ 5 ಸೆಂಟಿಮೀಟರ್ ದಪ್ಪದ ಹಿನ್ನೆಲೆ ನೆಲದ ಒಂಬತ್ತನೇ ಒಂದು ಭಾಗವನ್ನು ನುಂಗುತ್ತದೆ. ಕೆತ್ತಿದ ಮೆಟ್ಟಿಲು ಪ್ರಾಣಿಯನ್ನು ದೀಪಕ್ಕೆ ಹತ್ತಿರ ಒಯ್ಯುವುದರಿಂದ ಶಾಖವನ್ನೂ ನೇರಳಾತೀತ ದೀಪದ ದೂರವನ್ನೂ ಅತಿ ಎತ್ತರದ ಮೆಟ್ಟಿಲ ಮೇಲಿಂದಲೇ ಅಳೆಯಬೇಕು. ಎರಡೂ ಸಾಮಗ್ರಿಗಳು ಶಾಖವನ್ನು ತಡೆಹಿಡಿಯುತ್ತವೆ; ಹಿಂಬದಿಯ ಗಾಜಿಗೆ ಬಿಸಿ ಕೊಡುವ ವಿದ್ಯುತ್ ಹಾಳೆ (ಹೀಟ್ ಮ್ಯಾಟ್) ಅಂಟಿಸಿದ್ದರೆ ಅದರ ಮೇಲೆ ಇವನ್ನು ಕೂರಿಸುವಂತಿಲ್ಲ, ಬಿಸಿ ಹೊರಹೋಗಲು ದಾರಿಯಿಲ್ಲದೆ ಗಾಜೇ ಸೀಳಬಹುದು. ಹಿನ್ನೆಲೆಗೂ ಗಾಜಿಗೂ ನಡುವೆ ಸಂದು ಬಿಟ್ಟರೆ ಜೀರುಂಡೆಗಳು ಅಲ್ಲೇ ಸಂಸಾರ ಹೂಡುತ್ತವೆ, ಮರಿ ಹಲ್ಲಿ ನುಗ್ಗಿ ಸಿಕ್ಕಿಕೊಳ್ಳುವುದೂ ಅಪರೂಪವಲ್ಲ.

ಫೋಮನ್ನು ನೇರವಾಗಿ ಗಾಜಿನ ಮೇಲೆ ಹಾಕಿದರೆ ಬ್ಲೇಡಿನಿಂದ ಹೆರೆಯದೆ ಬಿಡಿಸಲಾಗದು. ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ತಯಾರಿಸಿ ಅಂಚಿಗಷ್ಟೇ ಸಿಲಿಕೋನ್ ಹಾಕಿ ನಿಲ್ಲಿಸಿದರೆ ಮುಂದೆ ತೊಳೆಯಲು ತೆಗೆಯಬಹುದು. ಡಬ್ಬಿಯ ಮೇಲೆ ಅಚ್ಚಾದ ಒಣಗುವ ಅವಧಿಯನ್ನು ತೆಳುವಾದ ಸಂದಿಗೆ ಲೆಕ್ಕ ಹಾಕಿರುತ್ತಾರೆ, ಇಡೀ ಗೋಡೆಗಲ್ಲ. ಆದ್ದರಿಂದ ಖಾಲಿ ಗೂಡಿನಲ್ಲಿ ದೀಪ ಹಚ್ಚಿ, ಬಾಗಿಲು ಮುಚ್ಚಿಟ್ಟು, ಮರುದಿನ ತೆರೆದಾಗ ಸಿಲಿಕೋನಿನ ಹುಳಿ ವಾಸನೆ ಮೂಗಿಗೆ ಬಡಿದರೆ ಪ್ರಾಣಿಯನ್ನು ಇನ್ನೂ ಕೆಲವು ದಿನ ಹೊರಗೇ ಇಡಬೇಕು.