ಯಾಕುಲ್ಟ್: 65 ಮಿಲಿ ಬಾಟಲಿಯಲ್ಲಿ ಏನಿದೆ, ಏನಿಲ್ಲ

ಯಾಕುಲ್ಟ್ ಎಂಬ ಹುದುಗಿಸಿದ ಹಾಲಿನ ಪೇಯದ ಬಾಟಲಿಯನ್ನು ಅಲುಗಾಡಿಸದೆ ಲೋಟಕ್ಕೆ ಸುರಿದರೆ ತಳದಲ್ಲಿ ಬಿಳಿ ಗಸಿ ಉಳಿಯುತ್ತದೆ. ಕೆಟ್ಟಿದೆ ಎಂದು ಚೆಲ್ಲಬೇಡಿ, ಅದು ತಳಕ್ಕಿಳಿದ ಹಾಲಿನ ಅಂಶ. ಚೆನ್ನಾಗಿ ಕುಲುಕಿ ಕುಡಿದರಾಯಿತು. ತಿಳಿಗಂದು ಬಣ್ಣ ಕೂಡ ಮೇಲಿಂದ ಹಾಕಿದ್ದಲ್ಲ. ಕೆನೆ ತೆಗೆದ ಹಾಲನ್ನು ಗ್ಲೂಕೋಸ್ ಜೊತೆ ಹೆಚ್ಚು ಶಾಖದಲ್ಲಿ ಕಾಯಿಸಿದಾಗ, ಖೋವಾಕ್ಕೆ ಬತ್ತಿಸಿದ ಹಾಲು ಬಣ್ಣ ತಿರುಗುವಂತೆ, ಇದೂ ತಿರುಗುತ್ತದೆ. ಆಮೇಲೆ ಸುಮಾರು ಒಂದು ವಾರ ಹುದುಗುತ್ತದೆ. ರುಚಿ, ನೀರು ಜಾಸ್ತಿಯಾದ ಸಿಹಿ ಲಸ್ಸಿಗೆ ನಿಂಬೆ ಹಿಂಡಿದ ಹಾಗೆ.

ಇದರ ಹಿಂದಿರುವವರು ಜಪಾನಿನ ಮಿನೋರು ಶಿರೋಟಾ. ಕ್ಯೋಟೋ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿದವರು. ಹೊಟ್ಟೆಯ ಆಮ್ಲ, ಪಿತ್ತರಸ ಎರಡನ್ನೂ ದಾಟಿ ಕರುಳಿಗೆ ಜೀವಂತ ತಲುಪಬಲ್ಲ ಒಂದು ಲ್ಯಾಕ್ಟೋಬ್ಯಾಸಿಲಸ್ (ಹಾಲನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾ) ತಳಿಯನ್ನು 1930ರಲ್ಲಿ ಬೆಳೆಸಿದರು. 1935ರಲ್ಲಿ ಅದು ಪೇಯವಾಗಿ ಮಾರಾಟಕ್ಕೆ ಬಂತು. ಇವತ್ತಿಗೂ ಬಾಟಲಿಯಲ್ಲಿರುವುದು ಅದೇ ‘ಶಿರೋಟಾ’ ತಳಿ. ಪ್ರೊಬಯಾಟಿಕ್ (ಹೊಟ್ಟೆಗೆ ಒಳ್ಳೆಯದೆಂದು ಸೇವಿಸುವ ಜೀವಂತ ಬ್ಯಾಕ್ಟೀರಿಯಾ) ಕೊಳ್ಳುವಾಗ ಮೊದಲು ನೋಡಬೇಕಾದದ್ದೇ ಈ ತಳಿಯ ಹೆಸರು. ಬರೀ ‘ಲ್ಯಾಕ್ಟೋಬ್ಯಾಸಿಲಸ್’ ಎಂದು ಬರೆದಿದ್ದರೆ, ಅಕ್ಕಿ ಅಂತ ಬರೆದು ಸೋನಾ ಮಸೂರಿಯೋ ರಾಜಮುಡಿಯೋ ಹೇಳದೆ ಮಾರಿದಂತೆ.

ಸಂಖ್ಯೆಯ ವಿಷಯದಲ್ಲೂ ತಕರಾರಿಲ್ಲ. ಒಂದು ಬಾಟಲಿಗೆ 650 ಕೋಟಿ, ಅಂದರೆ ಒಂದು ಮಿಲಿಗೆ 10 ಕೋಟಿ ಬ್ಯಾಕ್ಟೀರಿಯಾ. ಭಾರತದ ಆಹಾರ ಸುರಕ್ಷತಾ ನಿಯಮ ದಿನದ ಒಂದು ಸರ್ವಿಂಗಿಗೆ ಕೇಳುವುದೇ ಕನಿಷ್ಠ 10 ಕೋಟಿ.

ನಮ್ಮ ತಕರಾರು ಸಕ್ಕರೆಯದು. ಮಾಮೂಲಿ ಬಾಟಲಿಯಲ್ಲಿ ಸುಮಾರು 10 ಗ್ರಾಂ, ಎರಡು ಟೀ ಚಮಚ. ಹುಳಿ ಮರೆಸಲು ಇದು ಬೇಕು, ಸರಿ. ಆದರೆ ದಿನಕ್ಕೆ ಮೂರು ಸಲ ಸಕ್ಕರೆ ಹಾಕಿದ ಕಾಫಿ ಕುಡಿಯುವ ಮನೆಯಲ್ಲಿ ಇದು ನಾಲ್ಕನೆಯದಾಗುತ್ತದೆ. ‘ಲೈಟ್’ ಬಾಟಲಿಯಲ್ಲಿ ಸಕ್ಕರೆ ಕಡಿಮೆ, ವಿಟಮಿನ್ ಡಿ ಮತ್ತು ಇ ಸೇರಿದೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಶುಗರ್ ಇರುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೆಲಸ ಕೆಡುವುದು ಹೆಚ್ಚಾಗಿ ಅಂಗಡಿಯಲ್ಲಿ. ಇದು 10 ಡಿಗ್ರಿಗಿಂತ ಕೆಳಗೇ ಇರಬೇಕು. ಕರೆಂಟು ಉಳಿಸಲು ರಾತ್ರಿ ಫ್ರಿಜ್ ಆರಿಸುವ ಅಂಗಡಿಯಲ್ಲಿ, ಅದೂ ಏಪ್ರಿಲ್ ತಿಂಗಳಲ್ಲಿ, ಬ್ಯಾಕ್ಟೀರಿಯಾ ಮತ್ತೆ ಚುರುಕಾಗಿ ಆಮ್ಲ ಬಿಡುತ್ತದೆ, ಕೊನೆಗೆ ತನ್ನ ಆಮ್ಲದಲ್ಲೇ ಸಾಯುತ್ತದೆ. ಬೆಳಿಗ್ಗೆ ಮತ್ತೆ ತಣ್ಣಗಾದ ಬಾಟಲಿ ಮುಟ್ಟಿದರೆ ಇದು ಗೊತ್ತಾಗುವುದಿಲ್ಲ. ಹಾಗಾಗಿ ಹಾಲು, ಮೊಸರು ದಿನಾ ಖಾಲಿಯಾಗುವ ಅಂಗಡಿಯಲ್ಲೇ ತೆಗೆದುಕೊಳ್ಳಿ, ದಿನಾಂಕ ನೋಡಿ. ಮುಚ್ಚಳದ ಫಾಯಿಲ್ ಉಬ್ಬಿದ್ದರೆ ಬೇಡ: ಶಿರೋಟಾ ತಳಿ ಹಾಗೆ ಗಾಳಿ ತುಂಬಿಸುವುದಿಲ್ಲ, ಒಳಗೆ ಬೇರೆ ಏನೋ ಬೆಳೆದಿದೆ.

ಇನ್ನು ಫಲ. ಕೋಲ್ಕತ್ತದ ಕೊಳೆಗೇರಿಯ 1ರಿಂದ 5 ವರ್ಷದ 3,758 ಮಕ್ಕಳಿಗೆ 12 ವಾರ ಇದೇ ತಳಿಯ ಪೇಯವನ್ನೋ ಬ್ಯಾಕ್ಟೀರಿಯಾ ಇಲ್ಲದ ಪೌಷ್ಟಿಕ ಪೇಯವನ್ನೋ ಕೊಟ್ಟು, ಒಟ್ಟು 24 ವಾರ ಗಮನಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಭೇದಿ ಕಾಣಿಸಿಕೊಂಡದ್ದು ಶಿರೋಟಾ ತಳಿಯ ಪೇಯ ಕುಡಿದ ಗುಂಪಿನ 608, ಇನ್ನೊಂದರ 674 ಮಕ್ಕಳಲ್ಲಿ. ಅಧ್ಯಯನ ಲೆಕ್ಕ ಹಾಕಿದ ರಕ್ಷಣೆ ಶೇ. 14. ಇದೆ, ಆದರೆ ಅಷ್ಟೇ. ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ಸಂಘ 2020ರಲ್ಲಿ ಹೊಟ್ಟೆಯ ಬಹುತೇಕ ಕಾಯಿಲೆಗಳಿಗೆ ಪ್ರೊಬಯಾಟಿಕ್ ಶಿಫಾರಸು ಮಾಡಲಿಲ್ಲ. ಶೀತ, ಕೆಮ್ಮಿನಿಂದ ಕಾಪಾಡುತ್ತದೆ ಎಂಬ ವಾದವನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಒಪ್ಪಲಿಲ್ಲ.

ಪರೀಕ್ಷಿಸಿ ನೋಡುವುದಾದರೆ ದಿನಕ್ಕೆ ಒಂದರಂತೆ ನಾಲ್ಕು ವಾರ ಬಿಡದೆ ಕುಡಿಯಿರಿ. ಐದರ ಆರು ಪ್ಯಾಕ್ ಸಾಕು. ವಾರಕ್ಕೊಂದು ಕುಡಿದರೆ ಉಪಯೋಗವಿಲ್ಲ, ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ಮನೆ ಮಾಡಿಕೊಂಡು ಉಳಿಯುವಂಥದ್ದಲ್ಲ. ಊಟಕ್ಕೆ ಮೊದಲೋ ಆಮೇಲೋ, ನಿಮ್ಮಿಷ್ಟ. ಬಿಸಿ ರಾಗಿ ಗಂಜಿಗೆ ಮಾತ್ರ ಬೆರೆಸಬೇಡಿ, ಸತ್ತುಹೋಗುತ್ತದೆ. ಆಂಟಿಬಯಾಟಿಕ್ ನುಂಗುತ್ತಿದ್ದರೆ ಎರಡು ಗಂಟೆ ಅಂತರವಿರಲಿ. ಮೊದಲ ಕೆಲವು ದಿನ ಹೊಟ್ಟೆ ಸ್ವಲ್ಪ ಉಬ್ಬರಿಸಬಹುದು. ಅದೇ ತಿಂಗಳು ಇಸಬ್‌ಗೋಲ್ ಕೂಡ ಶುರು ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ತಿಂಗಳಾದರೂ ಮಲಬದ್ಧತೆ ಹಾಗೇ ಇದ್ದರೆ ನಿಲ್ಲಿಸಿ, ಆ ದುಡ್ಡನ್ನು ಸೊಪ್ಪು, ಹುರುಳಿಕಾಳಿಗೆ ಹಾಕಿ. ಕರುಳಲ್ಲಿ ಈಗಾಗಲೇ ಇರುವ ಬ್ಯಾಕ್ಟೀರಿಯಾಕ್ಕೆ ಬೇಕಾದ ನಾರು ಈ ಬಾಟಲಿಯಲ್ಲಿಲ್ಲ.

ಮನೆಯ ಮೊಸರು ಇದಕ್ಕೆ ಸಮವೇ? ಅಲ್ಲ. ಹೆಪ್ಪಿನಿಂದ ಹೆಪ್ಪಿಗೆ ಅದರ ಬ್ಯಾಕ್ಟೀರಿಯಾ ಬದಲಾಗುತ್ತದೆ, ಕರುಳು ತಲುಪುವ ಖಾತರಿ ಇಲ್ಲ. ಆದರೆ ಮೇಲಿಂದ ಹಾಕಿದ ಸಕ್ಕರೆಯೂ ಇಲ್ಲ, ಮಜ್ಜಿಗೆ ಮಾಡಿದರೆ ಮನೆಯವರಿಗೆಲ್ಲ ಆಗುತ್ತದೆ.

ಹಾಲಿನ ಅಲರ್ಜಿ ಇರುವವರು ಇದನ್ನು ಮುಟ್ಟಲೇಬಾರದು. ಕೀಮೋಥೆರಪಿಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು ವೈದ್ಯರನ್ನು ಕೇಳದೆ ಕುಡಿಯಬಾರದು. ಮಲದಲ್ಲಿ ರಕ್ತ ಕಂಡಿದ್ದರೆ ನಾಲ್ಕು ವಾರ ಕಾಯುವ ಮಾತೇ ಇಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಿ.