ಬಿಸಿಬೇಳೆಬಾತ್ ಯಾವುದರಲ್ಲಿ ಚೆನ್ನ? ಕುಕ್ಕರ್, ದಪ್ಪ ತಳದ ಪಾತ್ರೆ, ಸ್ಲೋ ಕುಕ್ಕರ್

ಮೂರರಲ್ಲೂ ಒಂದೇ ಅಳತೆಯಲ್ಲಿ ಮಾಡಿ ನೋಡಿದ್ದು: 240 ಮಿ.ಲೀ. ಲೋಟದಲ್ಲಿ ಸೋನಾ ಮಸೂರಿ ಅಕ್ಕಿ 1 ಲೋಟ, ತೊಗರಿಬೇಳೆ ಮುಕ್ಕಾಲು ಲೋಟ, ಹೆಚ್ಚಿದ ಬೀನ್ಸ್, ಕ್ಯಾರೆಟ್, ನವಿಲುಕೋಸು, ಬಟಾಣಿ ಸೇರಿ 2 ಲೋಟ. ಹುಣಸೆಹಣ್ಣು 25 ಗ್ರಾಂ, ಬಿಸಿಬೇಳೆಬಾತ್ ಪುಡಿ 3 ದೊಡ್ಡ ಚಮಚ, ಉಪ್ಪು 2 ಟೀ ಚಮಚ, ಅಡಿಕೆ ಗಾತ್ರದ ಬೆಲ್ಲ, ಚಿಟಿಕೆ ಅರಿಶಿನ. ನೀರಿನ ಲೆಕ್ಕ ಮಾತ್ರ ಮೂರಕ್ಕೂ ಬೇರೆ.

ಕುಕ್ಕರ್ ವಿಷಯ ಹೊಸದೇನಲ್ಲ. ಬೇಳೆ, ಅಕ್ಕಿ, ಅರಿಶಿನ, 5 ಲೋಟ ನೀರು, ನಾಲ್ಕು ಕೂಗು. ಒತ್ತಡದಲ್ಲಿ ಒಳಗಿನ ಶಾಖ 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುವುದರಿಂದ ಹಳೇ ಬೇಳೆಯೂ ಕರಗುತ್ತದೆ. ತರಕಾರಿಯನ್ನು ಹುಣಸೆರಸ, ಪುಡಿಯ ಜೊತೆ ಹೊರಗೆ ಬೇಯಿಸಿ, ಎರಡೂವರೆ ಲೋಟ ಬಿಸಿನೀರು ಸೇರಿಸಿ ಕೂಡಿಸಿದರೆ 45 ನಿಮಿಷದಲ್ಲಿ ಊಟಕ್ಕೆ ಕೂರಬಹುದು. ತರಕಾರಿಯನ್ನೂ ಒಳಗೇ ಹಾಕಿದರೆ ಬೀನ್ಸ್ ಎಲ್ಲಿ, ನವಿಲುಕೋಸು ಎಲ್ಲಿ ಎಂದು ಹುಡುಕಬೇಕಾಗುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ರುಚಿ ಒಂದು ಕೈ ಮೇಲು. ನೀರು ಆವಿಯಾಗುತ್ತಾ ಹುಳಿ, ಖಾರ ಗಟ್ಟಿಯಾಗಿ ಅಕ್ಕಿಗೆ ಇಳಿಯುತ್ತದೆ. ಆದರೆ 9 ಲೋಟ ನೀರು, ಒಂದೂಕಾಲು ಗಂಟೆ ಬೇಕು. ಕೊನೆಯ 20 ನಿಮಿಷ ಸೌಟು ಕೈಬಿಡುವಂತಿಲ್ಲ, ಬಿಟ್ಟರೆ ತಳ ಹಿಡಿಯುತ್ತದೆ. ಸೀದ ವಾಸನೆ ಒಮ್ಮೆ ಹತ್ತಿದರೆ ಎಷ್ಟು ತುಪ್ಪ ಸುರಿದರೂ ಹೋಗದು.

ಇನ್ನು ಸ್ಲೋ ಕುಕ್ಕರ್, ಅಂದರೆ ಪಿಂಗಾಣಿ ಪಾತ್ರೆಯಲ್ಲಿ ಗಂಟೆಗಟ್ಟಲೆ ಮೆಲುಶಾಖದಲ್ಲಿ ಬೇಯಿಸುವ ಕರೆಂಟಿನ ಕುಕ್ಕರ್. ಶಾಖಕ್ಕೆ ಲೋ, ಹೈ, ಬಿಸಿಯಾಗಿಡಲು ವಾರ್ಮ್ ಎಂಬ ಗುರುತುಗಳು. 'ಎಲ್ಲ ಒಟ್ಟಿಗೆ ಹಾಕಿ, ಲೋ ಇಟ್ಟು ಮಲಗಿ, ಬೆಳಿಗ್ಗೆ ತಿನ್ನಿ' ಎಂಬ ವಿಧಾನವನ್ನೇ ಮೊದಲು ನೋಡಿದ್ದು: ಲೋದಲ್ಲಿ 8 ಗಂಟೆ, ಹುಣಸೆರಸವೂ ಸೇರಿ. ಮುಚ್ಚಳ ತೆಗೆದಾಗ ಅಕ್ಕಿ ಗಂಜಿಯಾಗಿತ್ತು, ಬೇಳೆ ಮಾತ್ರ ಬಿಡಿಬಿಡಿಯಾಗಿ ನಿಂತಿತ್ತು. ಒಂದು ಬೇಳೆಯನ್ನು ಎರಡು ಬೆರಳ ನಡುವೆ ಹಿಸುಕಿದರೆ ಹೊರಗೆ ಮೆತ್ತಗೆ, ನಡುವೆ ಮರಳಿನ ಕಾಳಿನಂಥ ಗಟ್ಟಿ ಚುಕ್ಕೆ. ಪಾತ್ರೆಯ ಅಂಚಿನಲ್ಲಿ ಕಂದು ಬಣ್ಣದ ಒಣ ಕೆನೆ. ಪುಡಿಯ ಘಮ ಅಡುಗೆಮನೆಯಲ್ಲಿತ್ತು, ತಟ್ಟೆಯಲ್ಲಿರಲಿಲ್ಲ.

ತಪ್ಪು ಹುಣಸೆಹುಳಿಯದು. ಬೇಳೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಹುಳಿಯಲ್ಲಿ ಸುಲಭಕ್ಕೆ ಸಡಿಲವಾಗುವುದಿಲ್ಲ. ಕುಕ್ಕರಿನ ಒತ್ತಡ ಈ ತಪ್ಪನ್ನು ಒಂದಿಷ್ಟು ಮುಚ್ಚಿಹಾಕುತ್ತದೆ. ಸ್ಲೋ ಕುಕ್ಕರಿನಲ್ಲಿ ನೀರು ಕುದಿಯುವ ಹಂತಕ್ಕೆ ಬರಲಿಕ್ಕೇ ತುಂಬ ಹೊತ್ತು ಬೇಕು, ಹಾಗಾಗಿ ಮುಚ್ಚಿಹಾಕುವವರು ಯಾರೂ ಇಲ್ಲ. ಬೋರ್‌ವೆಲ್‌ನ ಗಡಸು ನೀರಾದರೆ ಅದರ ಕ್ಯಾಲ್ಸಿಯಂ ಕೂಡ ಇದೇ ಕೆಲಸ ಮಾಡುತ್ತದೆ. ಫಿಲ್ಟರ್ ನೀರು ಹಾಕಿದಾಗ ಬೇಳೆ ಅರ್ಧ ಗಂಟೆ ಬೇಗ ಬೆಂದಿತು. ಅಡುಗೆ ಸೋಡಾ ಚಿಟಿಕೆ ಹಾಕಿದರೂ ಬೇಯುತ್ತದೆ, ಆದರೆ ಸ್ವಲ್ಪ ಹೆಚ್ಚಾದರೂ ಸಾಬೂನಿನ ರುಚಿ.

ಸರಿಹೋದದ್ದು ಹೀಗೆ. 3.5 ಲೀಟರ್ ಪಾತ್ರೆ. ಬೇಳೆಯನ್ನು ಒಂದು ಗಂಟೆ ನೆನೆಸಿ, ಕುದಿಯುವ ನೀರು 4 ಲೋಟ, ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಹೈನಲ್ಲಿ ಎರಡೂವರೆ ಗಂಟೆ. ತಣ್ಣೀರು ಹಾಕಿದರೆ ಬಿಸಿಯೇರಲಿಕ್ಕೇ ಗಂಟೆ ಹಿಡಿಯುತ್ತದೆ. ಕಾದ ಪಿಂಗಾಣಿಗೆ ತಣ್ಣೀರು ಸುರಿದರಂತೂ ಬಿರುಕು ಬಿಡಬಹುದು. ಕ್ಯಾರೆಟ್, ನವಿಲುಕೋಸು ಇದರಲ್ಲಿ ಬೇಳೆಗಿಂತ ಹಠಮಾರಿ: ಕಡಲೆಕಾಯಿ ಬೀಜದ ಗಾತ್ರಕ್ಕೆ ಹೆಚ್ಚಿ ಬೇಳೆಯ ಜೊತೆಗೇ ತಳಕ್ಕೆ ಹಾಕಿ. ಬೇಳೆ ಸೌಟಿನ ಹಿಂಬದಿಗೆ ಮಸೆದುಕೊಳ್ಳುವಂತಾದ ಮೇಲೆ 20 ನಿಮಿಷ ನೆನೆದ ಅಕ್ಕಿ, ಬೀನ್ಸ್, ಉಪ್ಪು, ಇನ್ನೂ ಒಂದೂವರೆ ಲೋಟ ಕುದಿನೀರು. ಮತ್ತೆ ಒಂದೂಕಾಲು ಗಂಟೆ. ನಡುವೆ ಮುಚ್ಚಳ ಎತ್ತಿ ಇಣುಕಬೇಡಿ. ಒಂದು ಇಣುಕಿಗೆ 20 ನಿಮಿಷದ ದಂಡ.

ಅಷ್ಟರಲ್ಲಿ ಒಲೆಯ ಮೇಲೆ ಬಾಣಲೆಯಲ್ಲಿ ಒಂದು ಲೋಟ ಹುಣಸೆರಸ, ಬೆಲ್ಲ, ಪುಡಿ ಹಾಕಿ ಹಸಿವಾಸನೆ ಹೋಗುವವರೆಗೆ ಎಂಟು ನಿಮಿಷ ಚೆನ್ನಾಗಿ ಕುದಿಸಿ, ಬಟಾಣಿಯ ಸಮೇತ ಕೊನೆಗೆ ಸುರಿದು 25 ನಿಮಿಷ ಬಿಡಬೇಕು. ಈ ಕುದಿ ಸ್ಲೋ ಕುಕ್ಕರಿನಲ್ಲಿ ಸಿಗದು, ಅದಿಲ್ಲದೆ ಪುಡಿಯಲ್ಲಿನ ಧನಿಯಾ, ಮರಾಠಿ ಮೊಗ್ಗಿನ ಘಮ ಅರಳುವುದೂ ಇಲ್ಲ. ತುಪ್ಪ, ಸಾಸಿವೆ, ಇಂಗು, ಕರಿಬೇವು, ಗೋಡಂಬಿಯ ಒಗ್ಗರಣೆ ಹೇಗೂ ಒಲೆಯದೇ. ಅಂದರೆ ನಾಲ್ಕು ಗಂಟೆಗೂ ಹೆಚ್ಚು ಕಾದರೂ ಒಲೆ ಹಚ್ಚುವುದು ತಪ್ಪಲಿಲ್ಲ.

ನೀರು ಒಟ್ಟು ಆರೂವರೆ ಲೋಟ ಸಾಕಾಯಿತು. ಆವಿ ಮುಚ್ಚಳಕ್ಕೆ ತಾಗಿ ಮತ್ತೆ ಒಳಗೇ ಬೀಳುವುದರಿಂದ ಪಾತ್ರೆಯ ಲೆಕ್ಕದ 9 ಲೋಟ ಹಾಕಿದರೆ ಅದು ಬಾತ್ ಅಲ್ಲ, ಸಾರು.

ತೊಗರಿಬೇಳೆಯ ಬದಲು ಕೆಂಪು ರಾಜ್ಮಾ ಹಾಕುವವರು ಒಂದು ವಿಷಯದಲ್ಲಿ ಉದಾಸೀನ ಮಾಡಬಾರದು. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಸ್ಲೋ ಕುಕ್ಕರಿನ ಮೆಲುಶಾಖಕ್ಕೆ ನಾಶವಾಗದೆ ಉಳಿದು ವಾಂತಿ ಭೇದಿ ತರಬಹುದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಅರ್ಧ ಗಂಟೆ ಕೊತಕೊತ ಕುದಿಸಿದ ಮೇಲೆಯೇ ಸ್ಲೋ ಕುಕ್ಕರಿಗೆ. ಒಣ ಅವರೆಕಾಳಿಗೂ ಇದೇ ಕ್ರಮ ಒಳ್ಳೆಯದು.

ಹಾಗಾದರೆ ಸ್ಲೋ ಕುಕ್ಕರ್ ಯಾತಕ್ಕೆ? ಬಡಿಸುವುದಕ್ಕೆ. ಬಿಸಿಬೇಳೆಬಾತ್ ಆರಿದರೆ ಗಟ್ಟಿ ಮುದ್ದೆ, ಒಲೆಯ ಮೇಲೆ ಮತ್ತೆ ಬಿಸಿ ಮಾಡಿದರೆ ತಳ ಹಿಡಿಯುತ್ತದೆ. ಕುಕ್ಕರಿನಲ್ಲಿ ಮಾಡಿದ್ದನ್ನು ಬಿಸಿಯಿರುವಾಗಲೇ ಸ್ಲೋ ಕುಕ್ಕರಿಗೆ ತಿರುವಿ 'ವಾರ್ಮ್'ನಲ್ಲಿಟ್ಟು, ಗಂಟೆಗೊಮ್ಮೆ ಅರ್ಧ ಲೋಟ ಕುದಿನೀರು, ಒಂದು ಚಮಚ ತುಪ್ಪ ಬೆರೆಸಿದರೆ ಮೂರು ಗಂಟೆಯಾದರೂ ಸೌಟಿನಿಂದ ಜಾರುವ ಹದದಲ್ಲೇ ಇತ್ತು. ಹತ್ತು ಜನ ಹೊತ್ತಿಗೊಬ್ಬರಂತೆ ಊಟಕ್ಕೆ ಬರುವ ದಿನ ಇದಕ್ಕಿಂತ ಅನುಕೂಲ ಬೇರಿಲ್ಲ. ತಂಗಳನ್ನು ಮಾತ್ರ ಇದರಲ್ಲಿ ಬಿಸಿ ಮಾಡಬೇಡಿ, ನಿಧಾನಕ್ಕೆ ಬಿಸಿಯೇರುವಾಗ ಕೆಡುತ್ತದೆ. ಮೊದಲು ಒಲೆಯ ಮೇಲೆ ಹಬೆಯಾಡುವವರೆಗೆ ಕಾಯಿಸಿ, ಆಮೇಲೆ ತಿರುವಿ. ಬೂಂದಿಯನ್ನು ತಟ್ಟೆಗೆ ಬಡಿಸಿದ ಮೇಲೆಯೇ ಉದುರಿಸಿ.